ಕಾಡಿನಿಂದ ಬಂದ ಹಲ್ಲಿ ಊಟ ಮುಟ್ಟದಿದ್ದರೆ: ಹಸಿರು ಅನೋಲ್ ಬಗ್ಗೆ ಟಿಪ್ಪಣಿ

"ಅಂಗಡಿಯಿಂದ ತಂದ ಹಲ್ಲಿ ಏನೂ ತಿನ್ನುತ್ತಿಲ್ಲ, ಏನು ಕೊಡಲಿ?" ಸರೀಸೃಪ ಸಾಕುವುದನ್ನು ಕಲಿಯುತ್ತಿರುವ ನಮ್ಮನ್ನು ಜನ ಮೊದಲು ಕೇಳುವುದೇ ಇದನ್ನು. ಆದರೆ ಏನು ಕೊಡಬೇಕು ಅನ್ನುವುದು ಕೊನೆಯ ಪ್ರಶ್ನೆ. ಅದಕ್ಕಿಂತ ಮೊದಲು ನೀರು, ಬಿಸಿ, ಮರೆ ಈ ಮೂರೂ ಸರಿಯಾಗಬೇಕು. ಅವು ಸರಿಯಾದರೆ ಸಾಮಾನ್ಯವಾಗಿ ಹಸಿವು ತಾನಾಗಿ ಮರಳುತ್ತದೆ. ಟಿಪ್ಪಣಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಉದಾಹರಣೆಗೆ ಹಸಿರು ಅನೋಲ್ ತೆಗೆದುಕೊಳ್ಳೋಣ. ವಿಜ್ಞಾನದ ಹೆಸರು ಅನೋಲಿಸ್ ಕ್ಯಾರೊಲಿನೆನ್ಸಿಸ್. ಅಮೆರಿಕದ ಕ್ಯಾರೊಲಿನಾ, ಜಾರ್ಜಿಯಾ, ಫ್ಲೋರಿಡಾ, ಲೂಸಿಯಾನಾ ಕಡೆ ಗಿಡ, ಬೇಲಿ, ಮನೆ ಜಗಲಿಗಳ ಮೇಲೆ ಓಡಾಡುವ ಹಲ್ಲಿ ಇದು. ಬಾಲ ಸೇರಿ 15ರಿಂದ 20 ಸೆಂಟಿಮೀಟರ್ ಉದ್ದ, ತೂಕ ಕೆಲವೇ ಗ್ರಾಂ. ಹಲ್ಲಿಗಳಲ್ಲಿ ಮೊದಲು ಜೀನೋಮ್ (ಅಂದರೆ ವಂಶವಾಹಿಗಳ ಪೂರ್ತಿ ನಕ್ಷೆ) ಪ್ರಕಟವಾಗಿದ್ದು ಇದರದ್ದೇ, 2011ರಲ್ಲಿ. ಅಲ್ಲಿನ ಅಂಗಡಿಗಳಲ್ಲಿ ತುಂಬ ಅಗ್ಗಕ್ಕೆ ಸಿಗುತ್ತದೆ, ಯಾಕೆಂದರೆ ಮಾರುವವುಗಳಲ್ಲಿ ಬಹುಪಾಲು ಕಾಡಿನಿಂದ ಹಿಡಿದು ತಂದವು. ಭಾರತದಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ಉಡ, ಊಸರವಳ್ಳಿಯಂಥ ಪ್ರಾಣಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತೋಟದ ಓತಿಕ್ಯಾತನನ್ನೂ ತೋಟದಲ್ಲೇ ನೋಡಿ ಖುಷಿಪಡಿ.

ನನ್ನ ಮೊದಲ ಅನೋಲ್ ಒಂಬತ್ತನೇ ದಿನ ಸತ್ತುಹೋಯಿತು. ತಂದ ದಿನವೇ ಅದರ ಗಾಜಿನ ಟ್ಯಾಂಕಿಗೆ ಹತ್ತು ಕ್ರಿಕೆಟ್ ಹುಳ ಬಿಟ್ಟಿದ್ದೆ. ಬಟ್ಟಲಲ್ಲಿ ನೀರಿಟ್ಟಿದ್ದೆ. ದಿನಕ್ಕೆ ನಾಲ್ಕೈದು ಸಲ ಮುಚ್ಚಳ ತೆಗೆದು, ತಿಂದಿತಾ ಅಂತ ನೋಡುತ್ತಿದ್ದೆ. ತಿನ್ನದಿದ್ದಾಗ ಕೈಯಲ್ಲಿ ಹಿಡಿದು ಬಾಯಿಗೆ ಹುಳ ಒಡ್ಡಿದೆ. ಆ ಒಂಬತ್ತು ದಿನದಲ್ಲಿ ಅದು ನೀರನ್ನೇ ಕುಡಿದಿರಲಿಲ್ಲ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ಅದಕ್ಕೇ ನೀರಿನ ಭಾಗವನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಮೊದಲು ನೀರು

ಅನೋಲ್ ಕಾಡಿನಲ್ಲಿ ಎಲೆಯ ಮೇಲಿನ ಇಬ್ಬನಿ, ಮಳೆಹನಿ ನೆಕ್ಕಿ ಕುಡಿಯುತ್ತದೆ. ಬಟ್ಟಲಲ್ಲಿ ಅಲುಗಾಡದೆ ನಿಂತ ನೀರನ್ನು ಅದು ಎಷ್ಟೋ ಸಲ ನೀರು ಅಂತ ಗುರುತಿಸುವುದೇ ಇಲ್ಲ. ಹಿಡಿದವರ ಚೀಲ, ವ್ಯಾಪಾರಿಯ ಡಬ್ಬಿ, ಅಂಗಡಿಯ ಟ್ಯಾಂಕ್ ಎಲ್ಲ ದಾಟಿ ನಮ್ಮ ಮನೆಗೆ ಬರುವಷ್ಟರಲ್ಲಿ ಮೈಯಲ್ಲಿ ನೀರು ಬತ್ತಿರುತ್ತದೆ. ಬತ್ತಿದ ಮೈಗೆ ಹಸಿವಾಗುವುದಿಲ್ಲ. ಜೀರ್ಣವಾಗುವುದಕ್ಕೂ ನೀರು ಬೇಕು, ಮೂತ್ರಪಿಂಡ ಕೆಲಸ ಮಾಡುವುದಕ್ಕೂ ಬೇಕು.

ಪತ್ತೆ ಹೇಗೆ? ಕಣ್ಣು ಒಳಗೆ ಹೋದಂತೆ ಕಾಣುತ್ತದೆ. ಪಕ್ಕೆಯ ಚರ್ಮದಲ್ಲಿ ನೆರಿಗೆ ಬಿದ್ದಿರುತ್ತದೆ. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಯೂರೇಟ್, ಅಂದರೆ ಹಲ್ಲಿಯ ಮೂತ್ರ. ಅದು ಬಿಳಿಯಾಗಿ ಮೆತ್ತಗಿದ್ದರೆ ಒಳ್ಳೆಯದು. ಹಳದಿ ತಿರುಗಿ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ.

ದಿನಕ್ಕೆ ಎರಡು ಮೂರು ಸಲ ಸ್ಪ್ರೇ ಬಾಟಲಿಯಿಂದ ಎಲೆಗಳ ಮೇಲೆ ನೀರು ಹೊಡೆಯಿರಿ. ಸುಮ್ನೆ ಎರಡು ಸಲ ಚಿಮುಕಿಸಿ ಬಿಡಬೇಡಿ, ಹನಿಗಳು ಎಲೆಯಂಚಿನಿಂದ ತೊಟ್ಟಿಕ್ಕುವಷ್ಟು ಹೊಡೆಯಿರಿ. ಹೆದರಿದ ಹಲ್ಲಿ ಮೊದಲ ಹನಿಗೇ ನಾಲಿಗೆ ಚಾಚುವುದಿಲ್ಲ, ಅದಕ್ಕೆ ಧೈರ್ಯ ಬರಲು ಕೆಲವು ನಿಮಿಷ ಬೇಕು. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ ಟ್ಯಾಂಕಿನ ಜಾಲರಿ ಮೇಲಿಟ್ಟರೆ ಹನಿ ನಿಧಾನವಾಗಿ ಬೀಳುತ್ತಿರುತ್ತದೆ. ಇದು ನನಗೆ ತುಂಬ ಇಷ್ಟವಾದ ಉಪಾಯ, ಯಾಕೆಂದರೆ ನಾವು ಎದುರಿಗೆ ನಿಲ್ಲಬೇಕಾಗಿಲ್ಲ. ಗಾಳಿಯ ತೇವ ಶೇಕಡ 60ರಿಂದ 70 ಇರಲಿ. ಆದರೆ ಎರಡು ಸ್ಪ್ರೇ ನಡುವೆ ಎಲೆಗಳು ಒಣಗಬೇಕು. ಸದಾ ಒದ್ದೆಯಿದ್ದರೆ ಚರ್ಮಕ್ಕೆ ಸೋಂಕು ತಗಲುತ್ತದೆ.

ಬಿಸಿ

ಹಲ್ಲಿಯ ಮೈಬಿಸಿ ಹೊರಗಿನಿಂದ ಬರಬೇಕು. ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ. ಬಲವಂತವಾಗಿ ತಿನ್ನಿಸಿದರೂ ಹುಳ ಒಳಗೇ ಕೊಳೆಯಬಹುದು. ಬಲ್ಬಿನ ಕೆಳಗೆ ಮೈ ಕಾಯಿಸಿಕೊಳ್ಳುವ ಕೊಂಬೆಯ ಮೇಲೆ 30ರಿಂದ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 24-25 ಡಿಗ್ರಿ ಇರಲಿ. ರಾತ್ರಿ 20ಕ್ಕೆ ಇಳಿದರೂ ತೊಂದರೆಯಿಲ್ಲ. ಗಾಜಿಗೆ ಅಂಟಿಸುವ ಥರ್ಮಾಮೀಟರ್ ನಂಬಬೇಡಿ, ಅದು ಗಾಜಿನ ಬಿಸಿ ಹೇಳುತ್ತದೆ, ಕೊಂಬೆಯದ್ದಲ್ಲ. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಕೊಡುವ ಟ್ಯೂಬ್ ಕೂಡ ಬೇಕು, ದಿನಕ್ಕೆ 12 ಗಂಟೆ. ಕಿಟಕಿ ಪಕ್ಕ ಇಟ್ಟಿದ್ದೇನೆ, ಬಿಸಿಲು ಬೀಳುತ್ತದೆ ಅನ್ನುವವರಿದ್ದಾರೆ. ಯುವಿಬಿ ಕಿಟಕಿ ಗಾಜು ದಾಟಿ ಬರುವುದಿಲ್ಲ. ಮೇಲಾಗಿ ಬಿಸಿಲಿಗೆ ಗಾಜಿನ ಟ್ಯಾಂಕ್ ಒಲೆಯಂತಾಗಿ ಹಲ್ಲಿ ಸಾಯಬಹುದು.

ಮರೆ

ಅದರ ಕಣ್ಣಿನಿಂದ ನೋಡಿ. ನಿನ್ನೆಯವರೆಗೆ ಮರವಿತ್ತು. ಇಂದು ನಾಲ್ಕೂ ಕಡೆ ಗಾಜು, ಮೇಲಿನಿಂದ ದೊಡ್ಡ ಕೈ ಬರುತ್ತದೆ. ಹಕ್ಕಿ ಎರಗುವುದೂ ಮೇಲಿನಿಂದಲೇ ಅಲ್ವಾ? ಹೆದರಿಕೆ ದಿನಗಟ್ಟಲೆ ಮುಂದುವರಿದರೆ ಕಾರ್ಟಿಕೊಸ್ಟೆರೋನ್ ಎಂಬ ಹಾರ್ಮೋನ್ ಏರಿಯೇ ಇರುತ್ತದೆ. ಹಸಿವು ಅಡಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ.

ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ. ಗಾಜಿನಲ್ಲಿ ತನ್ನದೇ ಬಿಂಬ ಕಂಡು ಗಂಡು ಅನೋಲ್ ಬೇರೆ ಗಂಡು ಬಂತೆಂದು ಗಂಟಲ ಚೀಲ ಅರಳಿಸಿ ಜಗಳಕ್ಕೆ ನಿಲ್ಲುತ್ತದೆ, ಕಾಗದದಿಂದ ಅದೂ ಕಡಿಮೆಯಾಗುತ್ತದೆ. ನಾವು ಮನೆಯಲ್ಲಿ ಬೆಳೆಸುವ ಮನಿ ಪ್ಲಾಂಟ್ ಬಳ್ಳಿಯೇ ಸಾಕು, ಹಲ್ಲಿ ಪೂರ್ತಿ ಕಾಣೆಯಾಗುವಷ್ಟು ದಟ್ಟವಾಗಿ ಹಾಕಿ. "ಕಾಣದಿದ್ದರೆ ಸಾಕಿ ಏನು ಪ್ರಯೋಜನ" ಎಂದು ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ನಿಧಾನವಾಗಿ ಹೇಳಿ: ಅವಿತುಕೊಳ್ಳಲು ಜಾಗವಿದೆ ಅಂತ ಗೊತ್ತಾದ ಮೇಲೇ ಅದು ಹೊರಗೆ ಬಂದು ಕೂರುವುದು. ಮೊದಲ ಎರಡು ವಾರ ಮುಟ್ಟಲೇಬಾರದು. ಎರಡು ಗಂಡುಗಳನ್ನು ಒಟ್ಟಿಗೆ ಬಿಡಲೇಬಾರದು.

ಬಣ್ಣವನ್ನು ಗಮನಿಸಿ, ಆದರೆ ಗಾಬರಿಯಾಗಬೇಡಿ. ಕಂದು ಬಣ್ಣ ಬಂದ ಮಾತ್ರಕ್ಕೆ ಕಾಯಿಲೆಯಲ್ಲ, ಚಳಿಯಾದರೂ ಕಂದಾಗುತ್ತದೆ. ಬೆಚ್ಚಗಿದ್ದೂ ದಿನವಿಡೀ ಕಂದಾಗಿಯೇ ಇದ್ದು, ಕಣ್ಣಿನ ಹಿಂದೆ ಕಪ್ಪು ಮಚ್ಚೆ ಕಂಡರೆ ಒತ್ತಡ ಇಳಿದಿಲ್ಲ ಎಂದು ತಿಳಿಯಿರಿ.

ಈಗ ಊಟ

ಎರಡನೇ ಮೂರನೇ ದಿನ, ಬೆಳಗ್ಗೆ ದೀಪ ಹಾಕಿ ಮೈ ಕಾದ ಮೇಲೆ, ಎರಡೇ ಎರಡು ಹುಳ ಬಿಡಿ. ಹಲ್ಲಿಯ ತಲೆಯ ಅರ್ಧದಷ್ಟು ಉದ್ದದ ಹುಳ ಸಾಕು. ಬಿಟ್ಟು ಅಲ್ಲಿಂದ ಎದ್ದು ಹೋಗಿ. ಅನೋಲ್ ಬೇಟೆಯನ್ನು ಗುರುತಿಸುವುದು ಅದರ ಚಲನೆಯಿಂದ, ಅದೂ ಕೊಂಬೆಯ ಮಟ್ಟದಲ್ಲಿ. ನೆಲದ ಮೂಲೆಯಲ್ಲಿ ಅಡಗಿದ ಕ್ರಿಕೆಟ್ ಅದರ ಲೆಕ್ಕಕ್ಕೇ ಇಲ್ಲ. ಹಟ ಹಿಡಿದ ಹಲ್ಲಿಗೆ ನಾನು ನೊಣ ಕೊಟ್ಟು ನೋಡುತ್ತೇನೆ. ಹಾರುವ ನೊಣ ಕಂಡರೆ ತಲೆ ಓರೆ ಮಾಡುತ್ತದೆ, ಆ ಓರೆ ನೋಟವೇ ಹಸಿವಿನ ಮೊದಲ ಗುರುತು. ನನ್ನ ಎರಡನೇ ಅನೋಲ್ ಆರನೇ ದಿನ ಹೀಗೆ ನೊಣ ಹಿಡಿಯಿತು. ನಾನು ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಕಣ್ಣಲ್ಲಿ ನೀರು ಬಂತು.

ಉಳಿದ ಕ್ರಿಕೆಟ್‌ಗಳನ್ನು ಸಂಜೆ ತೆಗೆದುಬಿಡಿ. ಹಸಿದ ಕ್ರಿಕೆಟ್ ರಾತ್ರಿ ಮಲಗಿದ ಹಲ್ಲಿಯನ್ನೇ ಕಚ್ಚುತ್ತದೆ. ಹುಳಕ್ಕೆ ಹಿಂದಿನ ದಿನ ಸೊಪ್ಪು, ಗಜ್ಜರಿ ತಿನ್ನಿಸಿ, ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿ ಸವರಿ. ಆದರೆ ಮೊದಲ ಊಟಕ್ಕೆ ಪುಡಿ ಬೇಡ, ಬಿಳಿ ಹುಳವನ್ನು ಕಂಡು ಅನುಮಾನಪಟ್ಟು ಬಿಟ್ಟುಬಿಡಬಹುದು. ಬೇಸಿಗೆ ಸಂಜೆ ಮಕ್ಕಳು ಹಿಡಿದು ತರುವ ಮಿಂಚುಹುಳವನ್ನು ಮಾತ್ರ ಎಂದೂ ಕೊಡಬೇಡಿ. ಅದರಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ಅದನ್ನು ತಿಂದು ಸಾಕಿದ ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗಳು ಸತ್ತಿವೆ.

ಯಾವಾಗ ಡಾಕ್ಟರ್?

ಮೈ ತುಂಬಿದ ದೊಡ್ಡ ಅನೋಲ್ ಒಂದು ವಾರ ತಿನ್ನದೆ ತಡೆಯಬಲ್ಲದು, ಆದರೆ ನೀರು ಕುಡಿಯುತ್ತಿರಬೇಕು. ಹಲ್ಲಿಯನ್ನು ಮುಟ್ಟದೆ ಸಣ್ಣ ಡಬ್ಬಿಯೊಳಕ್ಕೆ ನಡೆಸಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. 4 ಗ್ರಾಂ ಹಲ್ಲಿಗೆ ಅರ್ಧ ಗ್ರಾಂ ಇಳಿದರೆ ಅದು ದೊಡ್ಡ ಇಳಿತ. ಬಾಲದ ಬುಡದಲ್ಲಿ ಮೂಳೆ ಎದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಹಗಲಲ್ಲೂ ಕಣ್ಣು ಮುಚ್ಚಿದ್ದರೆ ವಾರ ಕಾಯಬೇಡಿ.

ಕಾಡಿನ ಹಲ್ಲಿಯ ಹೊಟ್ಟೆಯಲ್ಲಿ ಪರಾವಲಂಬಿಗಳಿರುವುದು ಸಹಜ. ಕಾಡಿನಲ್ಲಿ ಹಿಕ್ಕೆ ಎಲ್ಲೋ ಬೀಳುತ್ತದೆ, ಹಲ್ಲಿ ಎಲ್ಲೋ ಹೋಗುತ್ತದೆ. ಟ್ಯಾಂಕಿನಲ್ಲಿ ಹಿಕ್ಕೆಯೊಳಗಿನ ಪರಾವಲಂಬಿಗಳ ಮೊಟ್ಟೆಗಳು ಮತ್ತೆ ಮತ್ತೆ ಬಾಯಿಗೆ ಸೇರಿ ಹೆಚ್ಚುತ್ತವೆ. ಅದಕ್ಕೇ ಮೊದಲ ಒಂದೆರಡು ತಿಂಗಳು ಮಣ್ಣಿನ ಬದಲು ಪೇಪರ್ ಟವೆಲ್ ಹಾಸಿ, ದಿನವೂ ಬದಲಿಸಿ. ಗಿಡ ಕುಂಡದಲ್ಲೇ ಇರಲಿ. ಪ್ರತಿ ಸಲವೂ ಸೋಪಿನಲ್ಲಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದ್ದೇ ಇದೆ. ಜಂತಿನ ಔಷಧವನ್ನು ನೀವೇ ತಂದು ಹಾಕಬೇಡಿ. ಒಂದು ಪ್ರಾಣಿಗೆ ಒಗ್ಗಿದ ಔಷಧ ಇನ್ನೊಂದನ್ನು ಕೊಲ್ಲಬಹುದು, ಐವರ್ಮೆಕ್ಟಿನ್ ಎಂಬ ಜಂತಿನ ಔಷಧ ಆಮೆಗಳಿಗೆ ಹಾಗೆ ಮಾಡುತ್ತದೆ. ಮೈಯಲ್ಲಿ ನೀರಿಲ್ಲದ ಹಲ್ಲಿಗಂತೂ ಸರಿಯಾದ ಔಷಧವೂ ಭಾರ.

ಸರೀಸೃಪ ನೋಡುವ ಡಾಕ್ಟರ್ ಮೊದಲು ಕೇಳುವುದು ಹಿಕ್ಕೆಯನ್ನು. ಹೊಸ ಹಿಕ್ಕೆಯನ್ನು ಒದ್ದೆ ಟಿಶ್ಯೂ ತುಂಡಿನ ಜೊತೆ ಜಿಪ್ ಕವರಿನಲ್ಲಿ ಹಾಕಿ, ಫ್ರಿಜ್‌ನಲ್ಲಿ ಊಟದ ಪದಾರ್ಥಗಳಿಂದ ದೂರ ಇಟ್ಟು, ಒಂದು ದಿನದೊಳಗೆ ತಲುಪಿಸಿ. ಒಣಗಿದ್ದನ್ನು ಒಯ್ದರೆ ಅದರಲ್ಲಿ ಏನಿತ್ತು ಎಂದು ಹೇಳುವುದು ಕಷ್ಟ. ಜೊತೆಗೆ ತೂಕ, ಟ್ಯಾಂಕಿನ ಬಿಸಿ, ಕೊನೆಯ ಸಲ ನೀರು ನೆಕ್ಕಿದ್ದು ಯಾವಾಗ ಅನ್ನುವುದನ್ನೂ ಬರೆದುಕೊಂಡು ಹೋಗಿ.