ಮಾರ್ಬಲ್ ಸ್ಮಾರಕನ ಬೆಳ್ಳಗೆ ಮಾಡ್ಕೊಡಿ ಅನ್ನೋರಿಗೆ

ಚರ್ಚ್ ಒಳಗಿನ ಹಳೇ ಸ್ಮಾರಕಗಳ ರಿಪೇರಿ ಮಾಡೋ ನಮ್ಮಂಥೋರಿಗೆ ಜಾಸ್ತಿ ಬರೋ ಡಿಮ್ಯಾಂಡ್ ಒಂದೇ, "ಮಾರ್ಬಲ್ ಕಪ್ಪಾಗಿದೆ, ಮೊದಲಿನ ಥರ ಬೆಳ್ಳಗೆ ಮಾಡ್ಕೊಡಿ". ಮೊದಲು ಅದೆಲ್ಲ ಒಂದೇ ಸಮ ಬೆಳ್ಳಗಿತ್ತು ಅಂತ ಯಾರು ಹೇಳಿದ್ರೋ!

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಲ್ಲಿರೋ ನೈಟಿಂಗೇಲ್ ದಂಪತಿ ಸ್ಮಾರಕನೇ ತಗೊಳ್ಳಿ. ಫ್ರಾನ್ಸಿಂದ ಬಂದು ಲಂಡನ್ನಲ್ಲೇ ಸೆಟ್ಲ್ ಆಗಿದ್ದ ಶಿಲ್ಪಿ ರೂಬಿಲಿಯಾಕ್ 1761ರಲ್ಲಿ ಮುಗಿಸಿದ್ದು, ಮರುವರ್ಷ ಅವನೇ ತೀರ್ಕೊಂಡ. ಎಲಿಜಬೆತ್ ನೈಟಿಂಗೇಲ್ 1731ರಲ್ಲಿ ಹೆರಿಗೆ ಆದ್ಮೇಲೆ ಹೋಗ್ಬಿಟ್ಟಳು, ಗಂಡ ಜೋಸೆಫ್ 1752ರಲ್ಲಿ. ಸ್ಮಾರಕದ ಕೆಳಭಾಗದಲ್ಲಿ ಬಾಗಿಲು ತೆಗೆದಿದೆ, ಅಲ್ಲಿಂದ ಮುಸುಕು ಹೊದ್ದ ಅಸ್ಥಿಪಂಜರ, ಅಂದ್ರೆ ಸಾವು, ಮೇಲಿರೋ ಎಲಿಜಬೆತ್ ಕಡೆ ಭರ್ಜಿ ಗುರಿ ಇಟ್ಕೊಂಡು ಬರ್ತಿದೆ, ಗಂಡ ಪಾಪ ಒಂದು ಕೈಲಿ ಅವಳನ್ನ ತಬ್ಕೊಂಡು ಇನ್ನೊಂದು ಕೈ ಅಡ್ಡ ಹಿಡಿದಿದಾನೆ. ರಾತ್ರಿ ಕಳ್ಳತನಕ್ಕೆ ನುಗ್ಗಿದವನೊಬ್ಬ ಇದನ್ನ ನೋಡಿ ಹಾರೆ ಬಿಸಾಕಿ ಓಡಿದ ಅಂತ ಕಥೆನೂ ಇದೆ, ನಿಜವೋ ಸುಳ್ಳೋ, ನೋಡಿದ್ರೆ ನಂಬ್ಬೇಕು ಅನ್ಸುತ್ತೆ.

ಈ ದರ್ಜೆ ಕೆಲಸದಲ್ಲಿ ಮೈಚರ್ಮಕ್ಕೆ ಒಂದು ಫಿನಿಶ್, ಬಟ್ಟೆಗೆ ಇನ್ನೊಂದು. ಕೆನ್ನೆ, ಕೈ ಎಲ್ಲ ನುಣ್ಣಗೆ ಉಜ್ಜಿರ್ತಾರೆ, ಬಟ್ಟೆ ಮಡಿಕೆ ಒಳಗೆ ಬೇಕಂತಲೇ ಅರದ ಗೆರೆ ಹಾಗೇ ಬಿಟ್ಟಿರ್ತಾರೆ, ಟಾರ್ಚ್‌ನ ಪಕ್ಕದಿಂದ ಅಡ್ಡಡ್ಡ ಹಿಡಿದ್ರೆ ಎದ್ದು ಕಾಣುತ್ತೆ. ಆಸಿಡ್ ಹಾಕಿ ತೊಳೆದ್ರೆ ಮೊದಲು ಹೋಗೋದೇ ಈ ವ್ಯತ್ಯಾಸ. ಮಾರ್ಬಲ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ತಾಗಿದ್ರೆ ನೊರೆ ಬಂದು ಕರಗುತ್ತೆ, ಒಂದ್ಸಲ ಪಾಲಿಷ್ ಹೋದ್ರೆ ಸಕ್ಕರೆ ಥರ ತರಿತರಿ. ಬೆಳ್ಳಗೇನೋ ಆಗುತ್ತೆ, ಆದ್ರೆ ಮುಖನೂ ಸೆರಗೂ ಒಂದೇ.

ನಾವು ಮೊದಲು ಮೆತ್ತನೆ ಬ್ರಷ್ಷಲ್ಲಿ ಒಣ ಧೂಳು ತೆಗೀತೀವಿ, ಆಮೇಲೆ ಕಣ್ಣಿಗೆ ಬೀಳದ ಮೂಲೇಲಿ ಹತ್ತಿ ಉಂಡೆ, ಡಿಅಯಾನೈಸ್ಡ್ ವಾಟರ್ (ಲವಣ ತೆಗೆದ ಶುದ್ಧ ನೀರು) ಇಟ್ಕೊಂಡು ಟೆಸ್ಟ್. ಮೇಣದ ಬತ್ತಿ ಹೊಗೆ, ಕಲ್ಲಿದ್ದಲು ಒಲೆ ಮಸಿ ಸುಮಾರು ಮಟ್ಟಿಗೆ ಇಷ್ಟಕ್ಕೇ ಬಿಟ್ಕೊಳ್ಳುತ್ತೆ. ಪೂರ್ತಿ ಹೋಗ್ಲಿಲ್ವಾ, ಬಿಟ್ಬಿಡಿ.

ನಿಜವಾದ ತಲೆನೋವು ಕಾಣಿಸೋದೇ ಇಲ್ಲ. ಇಷ್ಟೆತ್ತರದ ಸ್ಮಾರಕ ಒಂದೇ ಬಂಡೆ ಅಲ್ಲ, ಬೇರೆ ಬೇರೆ ತುಂಡು ಜೋಡಿಸಿ ಹಿಂದೆ ಕಬ್ಬಿಣದ ಕೊಕ್ಕೆ ಹಾಕಿ ಗೋಡೆಗೆ ಕಚ್ಚಿಸಿರ್ತಾರೆ, ಎಷ್ಟೋ ಕಡೆ ಸೀಸ ಕರಗಿಸಿ ಸುರಿದು. ಮಳೆನೀರಿನ ಪೈಪ್ ಸೋರಿ ಗೋಡೆಗೆ ಪಸೆ ಹಿಡಿದ್ರೆ ಕಬ್ಬಿಣ ತುಕ್ಕಾಗಿ ಹಲವು ಪಟ್ಟು ಊದ್ಕೊಳ್ಳುತ್ತೆ, ಮಾರ್ಬಲ್ ಒಳಗಿಂದಲೇ ಸೀಳುತ್ತೆ. ಹಾಗಾದಾಗ ಬಿಚ್ಚಿ ಸ್ಟೇನ್‌ಲೆಸ್ ಸ್ಟೀಲ್ ಹಾಕದೆ ಬೇರೆ ದಾರಿ ಇಲ್ಲ, ಖರ್ಚು ಜಾಸ್ತಿ, ಹೊರಗಿಂದ ನೋಡೋರಿಗೆ ಏನೂ ಬದಲಾಗಿರಲ್ಲ, ಅದಕ್ಕೇ ದುಡ್ಡು ಕೊಡೋರು ಒಪ್ಪೋದು ಕಷ್ಟ.

ನಮ್ಮೋರು ಹತ್ತಿರದಲ್ಲಿ ನೋಡ್ಬೇಕಂದ್ರೆ ಚೆನ್ನೈ ಕೋಟೆ ಒಳಗಿನ ಸೇಂಟ್ ಮೇರೀಸ್ ಚರ್ಚ್‌ಗೆ ಹೋಗಿ. 1791ರ ಮಾರ್ಚಲ್ಲಿ ಬೆಂಗಳೂರು ಪೇಟೆ ಬಾಗಿಲ ಹತ್ರ ಯುದ್ಧದಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಕರ್ನಲ್ ಮೂರ್‌ಹೌಸ್ ಸ್ಮಾರಕ ಅಲ್ಲಿದೆ, ಮಾಡಿದ್ದು ಚಾರ್ಲ್ಸ್ ಪಿಯರ್ಟ್ ಅನ್ನೋ ಬ್ರಿಟಿಷ್ ಶಿಲ್ಪಿ. ಇಂಥ ಸ್ಮಾರಕ ಎಲ್ಲೇ ನೋಡಿದ್ರೂ ಮುಖಕ್ಕಿಂತ ಮೊದಲು ಜಾಯಿಂಟ್ ನೋಡಿ, ಅಲ್ಲಿ ತುಕ್ಕಿನ ಸಣ್ಣ ಕಂದು ಗೆರೆ ಇದ್ರೆ ಉಜ್ಜಬೇಡಿ, ಫೋಟೋ ತೆಗೆದು ಚರ್ಚ್ ಆಫೀಸಿಗೆ ಕೊಟ್ಟು ಚಾವಣಿ ನೀರು ಎಲ್ಲಿ ಇಳೀತಿದೆ ಅಂತ ಚೆಕ್ ಮಾಡೋಕೆ ಹೇಳಿ.