ಕಾರ್ಬನ್ ತೆರಿಗೆ ರದ್ದು ಮಾಡಲು ಹೊರಟಾಗ ಅದರ ಪರ ನಿಲ್ಲುವವರು ಯಾರು?

ಹವಾಮಾನ ಮಸೂದೆಗಳ ಕರಡು ಓದಿ, ಶಾಸನಸಭೆಯ ಸಮಿತಿಗಳಿಗೆ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. ಇದಕ್ಕಾಗಿ ಶಾಸಕರ ಜೊತೆಗೂ ಕೂರಬೇಕು, ಪರಿಸರ ಸಂಘಟನೆಗಳ ಜೊತೆಗೂ ಕೂರಬೇಕು. ಎರಡೂ ಕಡೆಯವರು ಮೊದಲು ಕೇಳುವುದು ಒಂದೇ ಮಾತು: ‘ಇದು ಪಾಸಾಗುತ್ತಾ?’ ಪರ ಎಷ್ಟು ಮತ, ವಿರೋಧ ಎಷ್ಟು, ಯಾರನ್ನು ಒಲಿಸಿಕೊಳ್ಳಬಹುದು ಎಂಬ ಲೆಕ್ಕ ಶುರುವಾಗುತ್ತದೆ. ನಾನು ಟಿಪ್ಪಣಿಯ ಮೊದಲ ಪುಟದಲ್ಲೇ ಬೇರೊಂದು ಪ್ರಶ್ನೆ ಬರೆಯುತ್ತೇನೆ. ಕೆಲವು ವರ್ಷ ಕಳೆದ ಮೇಲೆ ‘ಈ ಕಾನೂನನ್ನು ಕಿತ್ತುಹಾಕುತ್ತೇವೆ’ ಎಂದು ಒಂದು ಪಕ್ಷ ಚುನಾವಣೆಗೆ ಇಳಿದರೆ, ಇದನ್ನು ಉಳಿಸಿಕೊಳ್ಳಲು ಯಾರು ಮುಂದೆ ಬರುತ್ತಾರೆ?

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಆಸ್ಟ್ರೇಲಿಯಾದಲ್ಲಿ 2012ರ ಜುಲೈ 1ರಂದು ಕಾರ್ಬನ್ ದರ ಜಾರಿಗೆ ಬಂತು, ಇಂಗಾಲದ ಡೈಆಕ್ಸೈಡ್ ಟನ್‌ಗೆ 23 ಆಸ್ಟ್ರೇಲಿಯನ್ ಡಾಲರ್. 2013ರ ಚುನಾವಣೆಯಲ್ಲಿ ವಿರೋಧ ಪಕ್ಷದ ನಾಯಕ ಟೋನಿ ಅಬಾಟ್ ಅದನ್ನು ರದ್ದು ಮಾಡುವುದನ್ನೇ ಮುಖ್ಯ ಭರವಸೆ ಮಾಡಿಕೊಂಡು ಗೆದ್ದರು. 2014ರ ಜುಲೈ 17ರಂದು ಅಲ್ಲಿನ ಸೆನೆಟ್ ರದ್ದತಿಗೆ ಒಪ್ಪಿಗೆ ಕೊಟ್ಟಿತು. ವರ್ಷಗಟ್ಟಲೆ ಚರ್ಚೆ ಮಾಡಿ ತಂದ ಕಾನೂನು ಎರಡು ವರ್ಷ ಬಾಳಿತು.

ಕಾರ್ಬನ್ ದರದ ಹಿಂದಿನ ಯೋಚನೆ ಸರಳ. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಎಲ್ಲರಿಗೂ ಹಾನಿ ಮಾಡುತ್ತದೆ. ಆ ಹಾನಿಯ ಬೆಲೆಯನ್ನು ಸುಡುವವರು ಕೊಡುತ್ತಿಲ್ಲ. ಟನ್‌ಗೆ ಇಷ್ಟು ಎಂದು ದರ ಕಟ್ಟಿದರೆ ಸುಡುವುದು ದುಬಾರಿಯಾಗುತ್ತದೆ, ಜನ ಮತ್ತು ಕಂಪನಿಗಳು ಬೇರೆ ದಾರಿ ನೋಡುತ್ತಾರೆ. ಇದನ್ನು ಮಾಡಲು ಎರಡು ವಿಧಾನ ಇವೆ. ಒಂದು, ನೇರವಾಗಿ ತೆರಿಗೆ ಹಾಕುವುದು. ಇನ್ನೊಂದು, ಒಟ್ಟು ಹೊಗೆಗೆ ಒಂದು ಮಿತಿ ಹಾಕಿ, ಅಷ್ಟಕ್ಕೆ ಮಾತ್ರ ಪರವಾನಗಿ ಕೊಟ್ಟು, ಅದನ್ನು ಹರಾಜು ಹಾಕುವುದು. ಅರ್ಥಶಾಸ್ತ್ರಜ್ಞರಿಗೆ ಇದು ಬಹಳ ಇಷ್ಟ. ಕಡಿಮೆ ಖರ್ಚಿನಲ್ಲಿ ಜಾಸ್ತಿ ಹೊಗೆ ಕಡಿಮೆಯಾಗುತ್ತದೆ ಎಂಬ ಅವರ ವಾದವನ್ನು ನಾನೂ ಒಪ್ಪುತ್ತೇನೆ.

ಜಗಳ ಶುರುವಾಗುವುದು ಬಂದ ಹಣವನ್ನು ಏನು ಮಾಡಬೇಕು ಎಂಬಲ್ಲಿ. ತೆರಿಗೆ ಎಷ್ಟು ಎನ್ನುವುದರ ಮೇಲೆ ಒಂದು ಗಂಟೆ ಮಾತಾಡಿದರೆ, ಹಣ ಯಾರಿಗೆ ಎನ್ನುವುದರ ಮೇಲೆ ಇಡೀ ಅಧಿವೇಶನ ಹೋಗುತ್ತದೆ. ಬೇರೆ ತೆರಿಗೆ ಇಳಿಸಿ ಎನ್ನುವವರಿದ್ದಾರೆ. ಜನರ ಖಾತೆಗೇ ವಾಪಸ್ ಹಾಕಿ ಎನ್ನುವವರಿದ್ದಾರೆ. ಬಸ್ಸು, ವಿದ್ಯುತ್ ಜಾಲ, ಬಡವರ ಮನೆಗಳ ದುರಸ್ತಿಗೆ ಖರ್ಚು ಮಾಡಿ ಎನ್ನುವವರಿದ್ದಾರೆ. ಕಾನೂನಿನ ಆಯಸ್ಸು ತೀರ್ಮಾನವಾಗುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಷ್ಟು ಚೆನ್ನಾಗಿ ಇದನ್ನು ತೋರಿಸುವ ಜಾಗ ಇನ್ನೊಂದಿಲ್ಲ. 2016ರಲ್ಲಿ ಅಲ್ಲಿ ಕಾರ್ಬನ್ ತೆರಿಗೆಯ ಪ್ರಸ್ತಾಪ ನೇರವಾಗಿ ಮತದಾರರ ಮುಂದೆ ಬಂತು. ಹಣವನ್ನು ಸರ್ಕಾರ ಇಟ್ಟುಕೊಳ್ಳುವುದಿಲ್ಲ, ರಾಜ್ಯದ ಮಾರಾಟ ತೆರಿಗೆಯನ್ನು ಶೇಕಡಾ ಒಂದು ಅಂಶದಷ್ಟು ಇಳಿಸುತ್ತೇವೆ, ಕಡಿಮೆ ಆದಾಯದ ದುಡಿಯುವ ಕುಟುಂಬಗಳಿಗೆ ನೆರವು ಕೊಡುತ್ತೇವೆ ಎಂಬ ಲೆಕ್ಕ. ಬಲಪಂಥೀಯರೂ ಒಪ್ಪಲಿ ಎಂದೇ ಹೀಗೆ ಮಾಡಿದ್ದರು. ಅವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಬೇಸರದ ವಿಷಯ ಅಂದರೆ, ಹಲವು ಪರಿಸರ ಸಂಘಟನೆಗಳೂ ಬೆಂಬಲ ಕೊಡಲಿಲ್ಲ, ಕಾರ್ಮಿಕ ಸಂಘಟನೆಗಳೂ ಕೊಡಲಿಲ್ಲ. ಶುದ್ಧ ಇಂಧನಕ್ಕೆ ಹಣ ಇಲ್ಲ, ಹೊಗೆಯ ಪಕ್ಕದಲ್ಲೇ ಬದುಕುವ ಸಮುದಾಯಗಳನ್ನು ಕರಡು ಬರೆಯುವಾಗ ಕೇಳಲಿಲ್ಲ ಎಂಬುದು ಅವರ ದೂರು. ಪ್ರಸ್ತಾಪ ಸೋತಿತು. ಹವಾಮಾನ ಬದಲಾವಣೆ ನಿಜ ಎಂದು ಒಪ್ಪಿದವರೇ ಎರಡು ಗುಂಪಾಗಿ ನಿಂತಿದ್ದರು.

2018ರಲ್ಲಿ ಇನ್ನೊಂದು ಪ್ರಸ್ತಾಪ ಬಂತು. ಈ ಸಲ ಆ ಸಂಘಟನೆಗಳೇ ಕರಡು ಬರೆದವು. ಬಂದ ಹಣವೆಲ್ಲ ಶುದ್ಧ ಇಂಧನ, ಕಾಡು, ನೀರು ಮತ್ತು ತೊಂದರೆಯಲ್ಲಿರುವ ಸಮುದಾಯಗಳಿಗೆ. ತೈಲ ಕಂಪನಿಗಳು 3 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ವಿರುದ್ಧ ಪ್ರಚಾರ ಮಾಡಿದವು. ಅದೂ ಸೋತಿತು. ಎರಡು ಸಲ ಸೋತ ಮೇಲೆ ‘ಜನರಿಗೆ ಇದು ಬೇಡ’ ಎಂದು ಹೇಳಿ ಕೈಬಿಡುವುದು ಸುಲಭವಿತ್ತು.

2021ರಲ್ಲಿ ರಾಜ್ಯದ ಶಾಸನಸಭೆಯೇ ಕಾನೂನು ಮಾಡಿತು. ಹೊಗೆಗೆ ಮಿತಿ, ಪರವಾನಗಿ ಹರಾಜು, ಬಂದ ಹಣ ಖರ್ಚು ಮಾಡಲು ಯೋಜನೆ. 2018ರಲ್ಲಿ ವಿರೋಧಿಸಿದ್ದ ಬಿಪಿ ತೈಲ ಕಂಪನಿ ಈ ಸಲ ಬೆಂಬಲಿಸಿತು. 2023ರಲ್ಲಿ ಹರಾಜು ಶುರುವಾದ ಮೇಲೆ ಪೆಟ್ರೋಲ್ ದರ ಏರಿತು, ದೊಡ್ಡ ಗಲಾಟೆ ಆಯಿತು. 2024ರ ನವೆಂಬರಿನಲ್ಲಿ ಕಾನೂನನ್ನು ರದ್ದು ಮಾಡುವ ಪ್ರಶ್ನೆ ಮತದಾರರ ಮುಂದೆ ಬಂತು. ಶೇ 62ರಷ್ಟು ಜನ ರದ್ದು ಬೇಡ ಎಂದರು. ಎರಡು ಸಲ ಕಾರ್ಬನ್ ದರವನ್ನು ತಿರಸ್ಕರಿಸಿದ ರಾಜ್ಯ ಅದು!

ನಡುವೆ ಏನು ಬದಲಾಯಿತು? ಹಣ ಕಣ್ಣಿಗೆ ಕಾಣುವ ಕೆಲಸಗಳಿಗೆ ಹೋಗಿತ್ತು. 18 ವರ್ಷದವರೆಗಿನವರಿಗೆ ಬಸ್ಸು, ರೈಲು ಉಚಿತವಾಗಿತ್ತು. ವಿದ್ಯುತ್ ಶಾಲಾ ಬಸ್ಸುಗಳಿಗೆ ದುಡ್ಡು ಸಿಕ್ಕಿತ್ತು. 2024ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ಮನೆಗಳ ವಿದ್ಯುತ್ ಬಿಲ್ಲಿನಲ್ಲಿ 200 ಡಾಲರ್ ಕಡಿತ ಸಿಕ್ಕಿತ್ತು. ಚುನಾವಣೆ ಹತ್ತಿರ ಬಂದಾಗ ಕೊಟ್ಟರು ಎಂಬ ಟೀಕೆಯೂ ಬಂತು, ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೂ ರದ್ದತಿಯ ಮಾತು ಬಂದಾಗ ‘ಇದು ಹೋದರೆ ನಮ್ಮ ಬಸ್ಸು ಹೋಗುತ್ತದೆ’ ಎಂದು ಹೇಳುವ ಜನ ಇದ್ದರು. 2016ರ ಕರಡಿನಲ್ಲಿ ಅಂಥವರು ಹುಟ್ಟಲು ಜಾಗವೇ ಇರಲಿಲ್ಲ. ಮಾರಾಟ ತೆರಿಗೆ ಶೇಕಡಾ ಒಂದರಷ್ಟು ಇಳಿದರೆ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಅಲ್ವಾ?

ಕೆನಡಾದ ಕಥೆ ಇದರ ಇನ್ನೊಂದು ಮುಖ. 2018ರಲ್ಲಿ ಕಾನೂನು ಬಂತು, 2019ರ ಏಪ್ರಿಲ್‌ನಿಂದ ಇಂಧನದ ಮೇಲೆ ಟನ್‌ಗೆ 20 ಕೆನಡಿಯನ್ ಡಾಲರ್. ವರ್ಷ ವರ್ಷ ಏರುತ್ತಾ 2024ಕ್ಕೆ 80 ಡಾಲರ್ ಆಯಿತು. ಇಂಧನದಿಂದ ಬಂದ ಹಣದಲ್ಲಿ ಸುಮಾರು ಶೇ 90ರಷ್ಟು ಕುಟುಂಬಗಳಿಗೇ ವಾಪಸ್. ಬಡವರು ಇಂಧನಕ್ಕೆ ಕಡಿಮೆ ಖರ್ಚು ಮಾಡುವುದರಿಂದ ಅವರಲ್ಲಿ ಹೆಚ್ಚಿನವರಿಗೆ ಕೊಟ್ಟಿದ್ದಕ್ಕಿಂತ ಬಂದಿದ್ದೇ ಜಾಸ್ತಿ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ವಿನ್ಯಾಸ ಹುಡುಕುವುದು ಕಷ್ಟ.

ಆದರೆ ಮೊದಲ ಮೂರು ವರ್ಷ ಈ ಹಣ ಜನರಿಗೆ ಕಾಣಿಸಲೇ ಇಲ್ಲ. ವರ್ಷಕ್ಕೊಮ್ಮೆ ಆದಾಯ ತೆರಿಗೆ ಲೆಕ್ಕದ ಒಳಗೆ ಒಂದು ಸಾಲಾಗಿ ಕೂತಿತ್ತು. 2022ರ ಜುಲೈನಿಂದ ಮೂರು ತಿಂಗಳಿಗೊಮ್ಮೆ ಖಾತೆಗೆ ಬರತೊಡಗಿತು. ಆಗಲೂ ಬ್ಯಾಂಕಿನ ಪಟ್ಟಿಯಲ್ಲಿ ಅದು ಯಾವ ಹಣ ಎಂದು ಬಹಳ ಜನರಿಗೆ ತಿಳಿಯುತ್ತಿರಲಿಲ್ಲ. ‘ಕೆನಡಾ ಕಾರ್ಬನ್ ರಿಬೇಟ್’ ಎಂಬ ಹೆಸರು ಬಂದಿದ್ದು 2024ರಲ್ಲಿ. ಅಷ್ಟರಲ್ಲಿ ಕಾಲ ಮೀರಿತ್ತು. ಪೆಟ್ರೋಲ್ ಬಂಕಿನ ದರ ಫಲಕ ಮಾತ್ರ ದಿನಾ ಕಣ್ಣಿಗೆ ಬೀಳುತ್ತಿತ್ತು. ಸಾಲದ್ದಕ್ಕೆ 2023ರ ಅಕ್ಟೋಬರ್‌ನಲ್ಲಿ ಮನೆ ಬೆಚ್ಚಗಿಡುವ ಎಣ್ಣೆಗೆ ಮೂರು ವರ್ಷದ ವಿನಾಯಿತಿ ಕೊಟ್ಟರು. ಅದರ ಲಾಭ ಹೆಚ್ಚಾಗಿ ಅಟ್ಲಾಂಟಿಕ್ ತೀರದ ಪ್ರಾಂತ್ಯಗಳಿಗೆ ಸಿಕ್ಕಿತು. ಉಳಿದವರು ‘ನಮಗೇಕಿಲ್ಲ?’ ಎಂದು ಕೇಳಿದರು. ಒಬ್ಬರಿಗೆ ವಿನಾಯಿತಿ ಕೊಟ್ಟ ದಿನ, ಈ ತೆರಿಗೆ ಕಷ್ಟ ಕೊಡುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ವಿನಾಯಿತಿ ಕೇಳಿಕೊಂಡು ಬರುವ ಶಾಸಕರಿಗೆ ನಾನು ಈ ಉದಾಹರಣೆಯನ್ನು ತಪ್ಪದೇ ಹೇಳುತ್ತೇನೆ.

2025ರ ಮಾರ್ಚ್‌ನಲ್ಲಿ ಪ್ರಧಾನಿಯಾದ ಮಾರ್ಕ್ ಕಾರ್ನಿ, ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ದರವನ್ನು ಸೊನ್ನೆಗೆ ಇಳಿಸಿದರು. ಅದನ್ನು ತಂದ ಪಕ್ಷವೇ ತೆಗೆಯಿತು. ದೊಡ್ಡ ಪ್ರತಿಭಟನೆ ಏನೂ ಆಗಲಿಲ್ಲ. ದೊಡ್ಡ ಕಾರ್ಖಾನೆಗಳ ಮೇಲಿನ ಕಾರ್ಬನ್ ದರ ಮಾತ್ರ ಹಾಗೇ ಉಳಿಯಿತು.

ಇಲ್ಲಿ ಪರಿಸರ ಸಂಘಟನೆಗಳಿಗೆ ಒಂದು ಅಹಿತವಾದ ಸಂಗತಿ ಇದೆ. ಹಣ ವಾಪಸ್ ಬರುತ್ತಿದೆ ಎಂದು ಚೆನ್ನಾಗಿ ಪ್ರಚಾರ ಮಾಡಿದರೆ ಸಾಕು, ಜನ ಒಪ್ಪುತ್ತಾರೆ ಎಂದು ಅವರು ನಂಬಿದ್ದರು. 2022ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಕೆನಡಾ ಮತ್ತು ಸ್ವಿಟ್ಜರ್‌ಲೆಂಡ್ ಬಗ್ಗೆ ಒಂದು ಅಧ್ಯಯನ ಬಂತು. ಎರಡೂ ದೇಶಗಳಲ್ಲಿ ವಾಪಸ್ ಹಣದಿಂದ ಬೆಂಬಲ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಸ್ವಿಟ್ಜರ್‌ಲೆಂಡ್‌ನಲ್ಲಿ ಈ ಹಣ ಆರೋಗ್ಯ ವಿಮೆಯ ಕಂತಿನಲ್ಲಿ ಕಡಿತವಾಗಿ ಬರುತ್ತದೆ, ಹಾಗೆ ಬರುತ್ತಿದೆ ಎಂಬುದೇ ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಸಿದರೂ ದೊಡ್ಡ ಬದಲಾವಣೆ ಆಗಲಿಲ್ಲ. ಖಾತೆಗೆ ಬಂದು ಕರಗಿಹೋಗುವ ಸಣ್ಣ ಮೊತ್ತ ಯಾರನ್ನೂ ಕಾನೂನಿನ ಪರ ನಿಲ್ಲಿಸುವುದಿಲ್ಲ ಎಂದು ನನ್ನ ತಿಳಿವಳಿಕೆ. ಬಸ್ಸು, ವಿದ್ಯುತ್ತಿನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್, ಕಡಿಮೆಯಾದ ಬಿಲ್ಲು ನಿಲ್ಲಿಸುತ್ತವೆ.

ಅದೇ ಸ್ವಿಟ್ಜರ್‌ಲೆಂಡ್ ಇನ್ನೊಂದು ಪಾಠವನ್ನೂ ಕೊಟ್ಟಿದೆ. 2021ರ ಜೂನ್ 13ರಂದು ಪೆಟ್ರೋಲ್ ದರ ಏರಿಸುವ, ವಿಮಾನ ಟಿಕೆಟ್ ಮೇಲೆ ಶುಲ್ಕ ಹಾಕುವ ಕಾನೂನನ್ನು ಜನ ಶೇ 51.6 ಮತಗಳಿಂದ ತಿರಸ್ಕರಿಸಿದರು. ಎರಡು ವರ್ಷದ ನಂತರ, 2023ರ ಜೂನ್ 18ರಂದು, 2050ಕ್ಕೆ ನಿವ್ವಳ ಶೂನ್ಯ, ಅಂದರೆ ಹೀರಿಕೊಳ್ಳುವಷ್ಟಕ್ಕಿಂತ ಹೆಚ್ಚು ಹೊಗೆ ಬಿಡದಿರುವ ಗುರಿಯ ಕಾನೂನನ್ನು ಶೇ 59.1 ಜನ ಒಪ್ಪಿದರು. ಇದರಲ್ಲಿ ಹೊಸ ತೆರಿಗೆ ಇರಲಿಲ್ಲ. ಮನೆ ಬೆಚ್ಚಗಿಡುವ ಹಳೆಯ ಎಣ್ಣೆ, ಗ್ಯಾಸ್ ಹೀಟರ್‌ಗಳ ಬದಲು ಹೊಸ ತಾಪನ ವ್ಯವಸ್ಥೆ ಹಾಕಿಸಿಕೊಳ್ಳಲು ಹತ್ತು ವರ್ಷಕ್ಕೆ 200 ಕೋಟಿ ಫ್ರಾಂಕ್ ಇಟ್ಟಿದ್ದರು. ಮತದಾರರು ಅವರೇ, ದೇಶವೂ ಅದೇ.

ಹಾಗಾದರೆ ತೆರಿಗೆಯೇ ಬೇಡವೇ? ಅಲ್ಲ. ಸ್ವೀಡನ್‌ನಲ್ಲಿ 1991ರಿಂದ ಕಾರ್ಬನ್ ತೆರಿಗೆ ಇದೆ. ಜಗತ್ತಿನ ಅತಿ ಹೆಚ್ಚಿನ ದರಗಳಲ್ಲಿ ಅದೂ ಒಂದು. ಮೂರು ದಶಕ ದಾಟಿದರೂ ಉಳಿದಿದೆ. ಆಗ ಆದಾಯ ತೆರಿಗೆ ಇಳಿಸುವ ದೊಡ್ಡ ಸುಧಾರಣೆಯ ಒಂದು ಭಾಗವಾಗಿ ಅದನ್ನು ತಂದರು. ಕೈಗಾರಿಕೆಗಳಿಗೆ ಬಹಳ ಕಾಲ ಕಡಿಮೆ ದರ ಇತ್ತು. ಇದಕ್ಕಿಂತ ಮುಖ್ಯವಾದ ಮಾತು, ನಗರಗಳಲ್ಲಿ ಮನೆಗಳನ್ನು ಬೆಚ್ಚಗಿಡಲು ಕೊಳವೆಯಲ್ಲಿ ಬಿಸಿನೀರು ಕೊಡುವ ವ್ಯವಸ್ಥೆ ಆಗಲೇ ಇತ್ತು. ತೆರಿಗೆ ಬಿದ್ದಾಗ ಆ ಸ್ಥಾವರಗಳು ಎಣ್ಣೆ, ಕಲ್ಲಿದ್ದಲು ಬಿಟ್ಟು ಮರದ ತ್ಯಾಜ್ಯ ಸುಡುವ ಕಡೆಗೆ ಹೊರಳಿದವು. ಜನರಿಗೆ ಹೋಗಲು ಇನ್ನೊಂದು ದಾರಿ ಇತ್ತು. ಫ್ರಾನ್ಸ್‌ನ ಹಳ್ಳಿ, ಸಣ್ಣ ಪಟ್ಟಣಗಳಲ್ಲಿ ಆ ದಾರಿ ಇರಲಿಲ್ಲ. ಕೆಲಸಕ್ಕೆ ಹೋಗಲು ಕಾರು ಬಿಟ್ಟರೆ ಬೇರೇನಿಲ್ಲ. 2018ರಲ್ಲಿ ದರ ಟನ್‌ಗೆ 44.60 ಯೂರೋ ಆಗಿತ್ತು. ಇನ್ನೂ ಏರಿಸುತ್ತೇವೆ ಎಂದಾಗ ನವೆಂಬರ್ 17ರಂದು ‘ಹಳದಿ ಅಂಗಿ’ ಎಂದು ಹೆಸರಾದ ಪ್ರತಿಭಟನಾಕಾರರು ರಸ್ತೆಗೆ ಇಳಿದರು. ದರ ಅಲ್ಲಿಗೇ ನಿಂತಿತು.

ದರ ಹಾಕದೆ ಹೊಣೆ ಹೊರಿಸುವ ಕಾನೂನುಗಳೂ ಇವೆ. ಬ್ರಿಟನ್ನಿನ 2008ರ ಹವಾಮಾನ ಬದಲಾವಣೆ ಕಾಯ್ದೆ ಅಂಥದ್ದು. ಫ್ರೆಂಡ್ಸ್ ಆಫ್ ದಿ ಅರ್ಥ್ ಸಂಘಟನೆ 2005ರಿಂದ ಅದಕ್ಕಾಗಿ ಪ್ರಚಾರ ಮಾಡಿತ್ತು. ಬೆರಳೆಣಿಕೆಯ ಸಂಸದರು ಮಾತ್ರ ವಿರೋಧಿಸಿದರು. ಐದು ವರ್ಷಕ್ಕೊಂದು ಹೊಗೆಯ ಮಿತಿ, ಸರ್ಕಾರಕ್ಕೆ ಸಲಹೆ ಕೊಡಲು ಮತ್ತು ತಪ್ಪು ತೋರಿಸಲು ಸ್ವತಂತ್ರ ಸಮಿತಿ. ಇದರ ಬಲ ಕಂಡಿದ್ದು ನ್ಯಾಯಾಲಯದಲ್ಲಿ. 2022ರಲ್ಲಿ ಮತ್ತು 2024ರಲ್ಲಿ, ಸರ್ಕಾರದ ಯೋಜನೆ ಈ ಕಾಯ್ದೆಗೆ ತಕ್ಕಂತೆ ಇಲ್ಲ ಎಂದು ಅಲ್ಲಿನ ಹೈಕೋರ್ಟ್ ಹೇಳಿತು. ಪ್ರಶ್ನೆ ಮಾಡಿದ್ದು ಫ್ರೆಂಡ್ಸ್ ಆಫ್ ದಿ ಅರ್ಥ್ ಮತ್ತು ಇತರ ಸಂಘಟನೆಗಳು. ಇಂಥ ಕಾನೂನಿಗೆ ಕಾವಲುಗಾರರು ಇದ್ದಾರೆ. ಆದರೆ ಅವರೆಲ್ಲ ವಕೀಲರು, ತಜ್ಞರು. ಒಂದು ಪಕ್ಷ ಇಡೀ ಕಾಯ್ದೆಯನ್ನೇ ತೆಗೆಯಲು ಹೊರಟರೆ ನ್ಯಾಯಾಲಯಕ್ಕೆ ಮಾಡಲು ಏನೂ ಇರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಕನ್ಸರ್ವೇಟಿವ್ ಪಕ್ಷ ಕಾಯ್ದೆಯನ್ನು ರದ್ದು ಮಾಡುವುದಾಗಿ ಘೋಷಿಸಿದೆ. ಹಿಂದೆ ಅದಕ್ಕೆ ಬೆಂಬಲ ಕೊಟ್ಟ ಪಕ್ಷ ಅದು.

ನನ್ನ ಟಿಪ್ಪಣಿಗಳಲ್ಲಿ ಈಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮಕ್ಕೆ ಜಾಸ್ತಿ ಒತ್ತು ಕೊಡುತ್ತೇನೆ. ಮೊದಲು ಪರ್ಯಾಯ, ಆಮೇಲೆ ದರ. ಸಂಘಟನೆಗಳ ಗೆಳೆಯರು ಇದಕ್ಕೆ ಸಿಟ್ಟಾಗುತ್ತಾರೆ. ಬಸ್ಸು ಬರುವವರೆಗೆ ಕಾಯುತ್ತಾ ಕೂತರೆ ಗಾಳಿಯಲ್ಲಿ ಇಂಗಾಲ ಸೇರುತ್ತಲೇ ಇರುತ್ತದೆ, ತಡ ಮಾಡಬೇಕೆನ್ನುವವರಿಗೆ ಇದು ನೆಪವಾಗುತ್ತದೆ ಎನ್ನುತ್ತಾರೆ. ಅವರ ಆತಂಕ ನ್ಯಾಯವಾದದ್ದು. ಅದಕ್ಕೇ ಕರಡಿನಲ್ಲಿ ಎರಡಕ್ಕೂ ದಿನಾಂಕ ಇರಬೇಕು ಎಂದು ಹಟ ಹಿಡಿಯುತ್ತೇನೆ. ಪರ್ಯಾಯ ಯಾವಾಗ ತಲುಪಬೇಕು, ತಲುಪದಿದ್ದರೆ ಯಾವ ಸಚಿವರು ಸದನಕ್ಕೆ ಉತ್ತರ ಕೊಡಬೇಕು, ದರ ಯಾವಾಗ ಶುರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ 2008ರ ಕಾರ್ಬನ್ ತೆರಿಗೆ ಕಾನೂನಿನಲ್ಲಿ, ಬಂದ ಹಣವನ್ನು ತೆರಿಗೆ ಕಡಿತವಾಗಿ ಹೇಗೆ ವಾಪಸ್ ಕೊಡುತ್ತೇನೆ ಎಂಬ ಲೆಕ್ಕವನ್ನು ಹಣಕಾಸು ಸಚಿವರು ವರ್ಷವೂ ಸದನದ ಮುಂದೆ ಇಡಬೇಕಿತ್ತು. ಅಷ್ಟು ಸ್ಪಷ್ಟವಾಗಿ ಬರೆಯಲು ಸಾಧ್ಯವಿದೆ.

ಯುರೋಪಿಯನ್ ಒಕ್ಕೂಟ ಈ ಕ್ರಮವನ್ನು ಕಾನೂನಿನಲ್ಲೇ ಇಟ್ಟಿದೆ. ಮನೆ ಬಿಸಿ ಮಾಡುವ ಇಂಧನ ಮತ್ತು ವಾಹನಗಳ ಇಂಧನಕ್ಕೆ ಕಾರ್ಬನ್ ದರ 2027ರಿಂದ ಎಂದು 2023ರಲ್ಲಿ ತೀರ್ಮಾನವಾಗಿತ್ತು. ಬಡ ಮನೆಗಳ ದುರಸ್ತಿಗೆ, ಸಾರಿಗೆಗೆ ಹಣ ಕೊಡುವ ಸಾಮಾಜಿಕ ಹವಾಮಾನ ನಿಧಿ ಅದಕ್ಕೂ ಒಂದು ವರ್ಷ ಮೊದಲೇ, 2026ರಲ್ಲಿ, ಶುರುವಾಗಬೇಕು ಎಂದೂ ಆಗಲೇ ತೀರ್ಮಾನವಾಗಿತ್ತು. ಈ ನಿಧಿಗೆ ಸದಸ್ಯ ದೇಶಗಳು ತಮ್ಮ ಯೋಜನೆ ಕೊಡಬೇಕಿದ್ದ ಗಡುವು 2025ರ ಜೂನ್. ಬಹುತೇಕ ದೇಶಗಳು ಆ ಗಡುವು ಮೀರಿದವು. ಅದೇ ವರ್ಷದ ನವೆಂಬರ್‌ನಲ್ಲಿ ಸದಸ್ಯ ದೇಶಗಳ ಸಚಿವರು ದರವನ್ನು 2028ಕ್ಕೆ ಮುಂದೂಡಲು ಒಪ್ಪಿದರು. ಈ ಹೆಚ್ಚುವರಿ ಒಂದು ವರ್ಷವನ್ನು ದರದ ಬಗ್ಗೆ ಮತ್ತೆ ಜಗಳ ಆಡಲು ಖರ್ಚು ಮಾಡಬೇಡಿ, ನಿಮ್ಮ ದೇಶದ ನಿಧಿ ಯೋಜನೆಯಲ್ಲಿ ಯಾವ ಮನೆಗೆ ಏನು ಎಂದು ಬರೆದಿದೆ ಎಂಬುದನ್ನು ಸಾಲು ಸಾಲಾಗಿ ಓದಿ ಎಂದು ಅಲ್ಲಿನ ಸಂಘಟನೆಗಳಿಗೂ ಸಂಸದರಿಗೂ ಹೇಳಬೇಕೆನಿಸುತ್ತದೆ.