ಮೇ ತಿಂಗಳ ರಾಯಚೂರಿನಲ್ಲಿ ಒಂದು ಮನೆಯ ಯೂನಿಟ್ ಲೆಕ್ಕ

ಹತ್ತನೇ ತರಗತಿಯವರಿರಲಿ, ಐಟಿಐ ಎಲೆಕ್ಟ್ರಿಷಿಯನ್ ವಿಭಾಗದವರಿರಲಿ, ವ್ಯಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಬರುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಈ ಟಿಪ್ಪಣಿ ಆ ಪ್ರಶ್ನೆಗೆ. ಲೆಕ್ಕಕ್ಕೆ ನಮ್ಮ ರಾಯಚೂರಿನ ಬೇಸಿಗೆಯನ್ನೇ ಆರಿಸಿಕೊಂಡಿದ್ದೇನೆ; ಮೀಟರ್ ಜೋರಾಗಿ ಓಡುವುದು ಆಗಲೇ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ವ್ಯಾಟ್ ಎಂದರೆ ಖರ್ಚಲ್ಲ, ಖರ್ಚಾಗುವ ದರ. ದಿನಗೂಲಿಯ ದರ ಎಷ್ಟೇ ಹೆಚ್ಚಿದ್ದರೂ ಕೈಗೆ ಬರುವ ಹಣ ಎಷ್ಟು ದಿನ ದುಡಿದೆವು ಎಂಬುದರ ಮೇಲೆ ನಿಲ್ಲುವಂತೆ, ಯೂನಿಟ್ ಎಷ್ಟು ಎಂಬುದು ಉಪಕರಣ ಎಷ್ಟು ಹೊತ್ತು ಓಡಿತು ಎಂಬುದರ ಮೇಲೆ ನಿಲ್ಲುತ್ತದೆ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಭೌತವಿಜ್ಞಾನದ ಲೆಕ್ಕದಲ್ಲಿ ಅದು 36 ಲಕ್ಷ ಜೂಲ್. 600 ವ್ಯಾಟಿನ ಮಿಕ್ಸರ್ ಮನೆಯನ್ನೆಲ್ಲ ಗದ್ದಲ ಮಾಡಿದರೂ ಹತ್ತು ನಿಮಿಷಕ್ಕೆ ತೆಗೆದುಕೊಳ್ಳುವುದು 0.1 ಯೂನಿಟ್. ಸದ್ದಿಲ್ಲದೆ ಮೂಲೆಯಲ್ಲಿ ಕುಳಿತ 10 ವ್ಯಾಟಿನ ವೈಫೈ ರೂಟರ್ ಇಡೀ ದಿನಕ್ಕೆ 0.24 ಯೂನಿಟ್ ತಿನ್ನುತ್ತದೆ.

ಈಗ ನಾಲ್ಕು ಜನರಿರುವ, ಎಸಿ ಇಲ್ಲದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮೇಲೆ ಆರ್‌ಸಿಸಿ ಛಾವಣಿ. ಹಗಲು 40 ಡಿಗ್ರಿ ದಾಟುವ ಬಿಸಿಲಿಗೆ ಕಾದ ಛಾವಣಿ ಆ ಶಾಖವನ್ನು ಮಧ್ಯರಾತ್ರಿಯವರೆಗೂ ಕೆಳಗಿನ ಕೋಣೆಗೆ ಬಿಡುತ್ತಲೇ ಇರುತ್ತದೆ. ಆದ್ದರಿಂದ ರಾತ್ರಿಯೂ ಫ್ಯಾನ್ ನಿಲ್ಲುವುದಿಲ್ಲ. ಮೂರು ಫ್ಯಾನುಗಳು ಓಡಿದ ಹೊತ್ತನ್ನೆಲ್ಲ ಕೂಡಿಸಿದರೆ ದಿನಕ್ಕೆ 30 ಗಂಟೆ ಆಗುವುದು ಸಹಜ. ಹಳೆಯ ಮಾದರಿಯ ಫ್ಯಾನ್ 75 ವ್ಯಾಟ್ ಎಂದಿಟ್ಟುಕೊಂಡರೆ 2.25 ಯೂನಿಟ್. 180 ವ್ಯಾಟಿನ ಏರ್ ಕೂಲರ್ ಎಂಟು ಗಂಟೆ ಓಡಿದರೆ 1.44. ಫ್ರಿಜ್‌ಗೆ 0.9. ಎಲ್‌ಇಡಿ ಬಲ್ಬು, ಟ್ಯೂಬ್‌ಲೈಟುಗಳೆಲ್ಲ ಸೇರಿ 0.4, ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ 0.3, ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಒಂದು ಎಚ್‌ಪಿ ಮೋಟಾರ್ ಇಪ್ಪತ್ತು ನಿಮಿಷಕ್ಕೆ 0.33, ಇಸ್ತ್ರಿ ಪೆಟ್ಟಿಗೆ ಕಾಲು ಗಂಟೆಗೆ 0.25, ಮಿಕ್ಸರ್ 0.1, ರೂಟರ್ 0.24, ನಾಲ್ಕು ಮೊಬೈಲ್ ಚಾರ್ಜ್ ಮಾಡಲು 0.1. ಒಟ್ಟು 6.31 ಯೂನಿಟ್.

ಫ್ರಿಜ್‌ನ ಬಗ್ಗೆ ಒಂದು ಮಾತು. ಅಭ್ಯಾಸದ ಲೆಕ್ಕಗಳಲ್ಲಿ 400 ವ್ಯಾಟಿನ ಫ್ರಿಜ್ ದಿನಕ್ಕೆ ಎಂಟು ಗಂಟೆ ಓಡುತ್ತದೆ ಎಂದು ಕೊಟ್ಟಿರುವುದುಂಟು. ಅದರ ಉತ್ತರ 3.2 ಯೂನಿಟ್. ಈಗಿನ ಸಣ್ಣ ಫ್ರಿಜ್‌ಗಳು ಅಷ್ಟು ಎಳೆಯುವುದಿಲ್ಲ. ಬಾಗಿಲಿಗೆ ಅಂಟಿಸಿದ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿ ನೋಡಿ. ಬೇಸಿಗೆಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ, ಏಕೆಂದರೆ ಸುತ್ತಲಿನ ಗಾಳಿ ಬಿಸಿಯಾದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆ.

ಕೂಲರ್ ಮಾತ್ರ ಇನ್ನೂ ಗಮನ ಕೊಟ್ಟು ಓದಬೇಕಾದ ಯಂತ್ರ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅಂದರೆ ಸರಿಸುಮಾರು 0.67 ಯೂನಿಟ್. ಈ ಶಾಖವನ್ನು ಕೂಲರ್ ವಿದ್ಯುತ್ತಿನಿಂದ ಪಡೆಯುವುದಿಲ್ಲ. ಒದ್ದೆಯಾದ ಹುಲ್ಲಿನ ಮೂಲಕ ಹಾಯುವ ಬಿಸಿಗಾಳಿಯಿಂದಲೇ ಕಸಿಯುತ್ತದೆ. ಗಂಟೆಗೆ ಮೂರು ಲೀಟರ್ ನೀರು ಆವಿಯಾದರೆ ಗಾಳಿಯಿಂದ ಎರಡು ಯೂನಿಟ್‌ನಷ್ಟು ಶಾಖ ಹೊರಟುಹೋಗುತ್ತದೆ. ಅದಕ್ಕೆ ಮೀಟರಿನಲ್ಲಿ ಬೀಳುವುದು ಫ್ಯಾನು ಮತ್ತು ಸಣ್ಣ ಪಂಪು ತಿರುಗಿಸುವ 0.18 ಯೂನಿಟ್ ಮಾತ್ರ! ನಮ್ಮ ಏಪ್ರಿಲ್, ಮೇ ತಿಂಗಳ ಗಾಳಿ ಒಣಗಿರುವುದರಿಂದಲೇ ಇದು ಸಾಧ್ಯ. ಮಳೆಗಾಲದ ತೇವದ ಗಾಳಿಗೆ ಇನ್ನಷ್ಟು ನೀರಾವಿ ಹಿಡಿಸುವುದಿಲ್ಲ. ಆಗ ಕೂಲರ್ ಬರೀ ಫ್ಯಾನ್ ಆಗಿಬಿಡುತ್ತದೆ. ಕೋಣೆಯ ಕಿಟಕಿ ತೆರೆದಿಡಬೇಕು ಎನ್ನುವುದಕ್ಕೂ ಇದೇ ಕಾರಣ. ಒಂದೂವರೆ ಟನ್ ಎಸಿಯಾದರೆ ಓಡುವಾಗ ಸುಮಾರು 1,500 ವ್ಯಾಟ್ ಎಳೆಯುತ್ತದೆ. ರಾತ್ರಿಯೊಂದಕ್ಕೇ ಮೇಲಿನ ಇಡೀ ಮನೆಯ ದಿನದ ಖರ್ಚಿಗೆ ಸಮನಾಗಬಹುದು.

ಈ 6.31 ಏಕೆ ಮುಖ್ಯ ಎಂದರೆ, 31 ದಿನಕ್ಕೆ ಅದು 196 ಯೂನಿಟ್ ಆಗುತ್ತದೆ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಗೆರೆ ಇರುವುದು 200ಕ್ಕೆ. ಗೆರೆ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 200ರ ಒಳಗಿದ್ದರೂ ಎಲ್ಲರಿಗೂ 200 ಯೂನಿಟ್ ಉಚಿತ ಎಂದಲ್ಲ. ಯೋಜನೆ ಆರಂಭವಾದಾಗ ಪ್ರತಿ ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಮಿತಿ ಗೊತ್ತುಮಾಡಿದರು. ಅದಕ್ಕಿಂತ ಹೆಚ್ಚು ಬಳಸಿದಷ್ಟಕ್ಕೆ ಹಣ ಕೊಡಬೇಕು. ಆ ಸರಾಸರಿಯಲ್ಲಿ ಚಳಿಗಾಲದ ತಿಂಗಳುಗಳೂ ಸೇರಿರುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ನಮ್ಮ ಭಾಗದ ಮನೆಗಳು ಮಿತಿ ಮೀರುವುದು ದುಂದುಗಾರಿಕೆ ಎಂದು ನಾನು ಒಪ್ಪುವುದಿಲ್ಲ. ಇಲ್ಲಿ ಫ್ಯಾನ್ ಇಲ್ಲದೆ ಮಕ್ಕಳು ಮಲಗಲಾರರು.

ಹಾಗಾದರೆ ಎಲ್ಲಿ ಉಳಿಸಬಹುದು? ನನ್ನ ಉತ್ತರ ಫ್ಯಾನಿನಲ್ಲಿಯೇ, ಆರಿಸುವುದರಿಂದ ಅಲ್ಲ, ಬದಲಿಸುವುದರಿಂದ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಪೂರ್ಣ ವೇಗದಲ್ಲಿ ಸುಮಾರು 30 ವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ. ಅದೇ 30 ಗಂಟೆಗೆ 0.9 ಯೂನಿಟ್, ತಿಂಗಳಿಗೆ 40 ಯೂನಿಟ್ ಉಳಿತಾಯ. ಮೊಬೈಲ್ ಚಾರ್ಜರ್ ಕಿತ್ತಿಡುವುದರಿಂದ ಇದರ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ. ಹಳೆಯ ದಪ್ಪ ರೆಗ್ಯುಲೇಟರ್‌ಗಳಲ್ಲಿ ವೇಗ ತಗ್ಗಿಸಿದರೂ ಹೆಚ್ಚು ಉಳಿಯದು, ಅವು ಒಂದಷ್ಟು ಶಕ್ತಿಯನ್ನು ತಮ್ಮಲ್ಲೇ ಶಾಖವಾಗಿ ಕಳೆಯುತ್ತವೆ.

ಅಂಕಿಗಳನ್ನು ನಮ್ಮ ಜಿಲ್ಲೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆಯಿಂದಲೂ ನೋಡಬಹುದು. ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ನಮ್ಮ ಮನೆಯ ಒಂದು ದಿನಕ್ಕೆ ನಾಲ್ಕು ಕಿಲೋಗಿಂತ ಹೆಚ್ಚು. ಅಲ್ಲಿನ 210 ಮೆಗಾವ್ಯಾಟ್ ಘಟಕವೊಂದು ಪೂರ್ಣವಾಗಿ ಓಡಿದರೆ ಗಂಟೆಗೆ 2.1 ಲಕ್ಷ ಯೂನಿಟ್ ಉತ್ಪಾದಿಸುತ್ತದೆ. ದಾರಿಯ ನಷ್ಟ ಬಿಟ್ಟರೆ, ಇಂಥ 33 ಸಾವಿರ ಮನೆಗಳ ಒಂದು ದಿನದ ಬಳಕೆ ಅದು.

ಇಷ್ಟೆಲ್ಲ ಕಾಗದದ ಲೆಕ್ಕ. ನಿಮ್ಮ ಮನೆಯದನ್ನು ಮೀಟರಿನಲ್ಲೇ ಪರೀಕ್ಷಿಸಿ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿನುಗುವ ಸಣ್ಣ ಕೆಂಪು ದೀಪವಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಅಚ್ಚಾಗಿರುತ್ತದೆ. 3200 ಎಂದಿದ್ದರೆ, ನಿಮಿಷಕ್ಕೊಂದು ಮಿನುಗು ಎಂದರೆ ಸುಮಾರು 19 ವ್ಯಾಟ್. 1600 ಎಂದಿದ್ದರೆ ಅದರ ಎರಡರಷ್ಟು. ಎಲ್ಲವನ್ನೂ ಆರಿಸಿ ಒಂದು ಹಳೆಯ ಫ್ಯಾನ್ ಮಾತ್ರ ಹಾಕಿ: 3200ರ ಮೀಟರಿನಲ್ಲಿ ನಿಮಿಷಕ್ಕೆ ನಾಲ್ಕು ಮಿನುಗು ಬರಬೇಕು. ಬಿಎಲ್‌ಡಿಸಿ ಫ್ಯಾನಾದರೆ ಐದು ನಿಮಿಷಕ್ಕೆ ಎಂಟು. ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಮೊದಲು ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್, ರೂಟರ್ ನೋಡಿ. ಅವುಗಳನ್ನು ತೆಗೆದ ಮೇಲೂ ನಿಲ್ಲದಿದ್ದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು. ಎಲೆಕ್ಟ್ರಿಷಿಯನ್ ಒಬ್ಬರಿಂದ ತಪಾಸಣೆ ಮಾಡಿಸಿ.